ಹಂದಿ ಹೇಳಬೇಕು

ನಮ್ಮೊಡನೆ ಮಾತು ಮುಗಿದ ಕೂಡಲೇ ಅವರು ಕರವಸ್ತ್ರ ತೆಗೆದು ಕೈ ಒರೆಸಿಕೊಳ್ಳುತ್ತಿದ್ದರು, ಏನನ್ನೂ ಮುಟ್ಟಿರದಿದ್ದರೂ. ಫಿನೈಲಿಗೆ ಬೆಂದ ಬೆರಳ ತುದಿಗಳು ಬೆಳ್ಳಗೆ ಸುಲಿದಿದ್ದವು. ಸತ್ತ ದನ, ಹಂದಿಗಳಿಗೆ ಯಾವ ರೋಗ ಬಂದಿತ್ತೆಂದು ಪತ್ತೆ ಮಾಡುವ ಸರ್ಕಾರಿ ಲ್ಯಾಬಿನ ಡಾಕ್ಟರು ಅವರು. ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗಲೂ ನೆನೆದರೆ ಮೈ ಉರಿಯುತ್ತದೆ.

ಜಯನಗರದಲ್ಲಿ ಇನ್ನೂ ಸೈಟು ಹಂಚುತ್ತಿದ್ದ ಕಾಲ. ನಾವು ಪುಟ್ಟೇನಹಳ್ಳಿ ಕೆರೆಯ ಮಗ್ಗುಲಲ್ಲಿ ಹಂದಿ ಸಾಕಿಕೊಂಡಿದ್ದೆವು. ಒಂದು ಬೇಸಿಗೆಯಲ್ಲಿ ನನ್ನ ವಾರಗಿತ್ತಿಯ ಹಂದಿಗಳು ಕಿವಿ ನೀಲಿಗಟ್ಟಿ, ಹಿಂಗಾಲು ತೂರಾಡಿ, ಒಂದರ ಹಿಂದೊಂದು ಸತ್ತವು. ಕೆರೆಯಾಚೆ ಕೂಡಿಹಾಕಿದ್ದ ನನ್ನವು ಗುಂಡುಕಲ್ಲಿನ ಹಾಗಿದ್ದವು. ಅದೇ ನನ್ನ ತಪ್ಪಾಯಿತು.

"ಇವ್ಳೇ ವಿಷ ಆಕವ್ಳೆ!" ಎಂದು ವಾರಗಿತ್ತಿ ಬೀದಿಗೆಲ್ಲ ಕೇಳುವಂತೆ ಕೂಗಿದಳು. ನನ್ನ ಗಂಡ ನನ್ನ ಮುಖ ನೋಡುವುದನ್ನೇ ಬಿಟ್ಟ. ವಿಷವೇ ನಿಜವಾದರೆ ನನ್ನನ್ನು ತವರಿಗೆ ಅಟ್ಟುವುದೆಂದು ಹಿರಿಯರು ತೀರ್ಮಾನಿಸಿದರು.

ಹಿರಿಯರು ಕರೆಸಿದ ಈ ಡಾಕ್ಟರು ಸತ್ತ ಹಂದಿಯ ಒಳಗಿನ ತುಂಡೊಂದನ್ನು ಕೊಯ್ದು ಶೀಸೆಗೆ ಹಾಕಿಕೊಂಡು ನನ್ನತ್ತ ತಿರುಗಿದರು.

"ನಿನ್ ಹಂದೀಲಿ ಎರಡು ಮರಿ ಲ್ಯಾಬಿಗೆ ಬೇಕು. ಒಂದಕ್ಕೆ ರೋಗ ತಡೆಯೋ ಸೀರಂ ಕೊಟ್ಟು, ಎರಡಕ್ಕೂ ಇದರ ರಸ ಸೋಸಿ ಚುಚ್ತೀನಿ. ಸೀರಂ ಕೊಟ್ಟಿದ್ದು ಉಳಿದು ಇನ್ನೊಂದು ಸತ್ರೆ, ರೋಗ."

"ಎರಡೂ ಉಳಿದ್ರೆ, ಸ್ವಾಮಿ?"

"ಆಗ ನಿನ್ ಗತಿ ನಂಗೊತ್ತಿಲ್ಲಮ್ಮ."

ಮಡಿಲಲ್ಲಿಟ್ಟು ಸಾಕಿದ ಮರಿ ಸಾಯಲಿ ಎಂದು ನಾನೇ ದೇವರಿಗೆ ಹರಕೆ ಹೊರುವಂತೆ ಮಾಡಿದ ಪುಣ್ಯಾತ್ಮ!

ದಿನಾ ಹೋಗಿ ಲ್ಯಾಬಿನ ಬಾಗಿಲಲ್ಲಿ ನಿಂತೆ. "ಹಂದಿ ಹೇಳಬೇಕು, ನಾನಲ್ಲ," ಎಂದು ಕದ ಹಾಕಿಕೊಂಡರು. ಹೊಸ ಬಡಾವಣೆಯ ದೊಡ್ಡ ಮನುಷ್ಯರೊಬ್ಬರು ಬಂದು, "ರೋಗ ಅಂತ ಬರೆದ್ಬಿಡಿ ಡಾಕ್ಟ್ರೇ, ಈ ಹಂದಿ ಗಲೀಜು ತೊಲಗ್ಲಿ," ಎಂದಾಗಲೂ ಅದೇ ಉತ್ತರ. ಬರೆದಿದ್ದರೆ ಅವತ್ತೇ ನನ್ನ ಜೀವ ಹಗುರಾಗುತ್ತಿತ್ತು. ಅವರಿಗೆ ಹಾಕಿದಷ್ಟು ಶಾಪ ನಾನು ವಾರಗಿತ್ತಿಗೂ ಹಾಕಿರಲಿಲ್ಲ.

ಕೊನೆಗೊಂದು ಬೆಳಿಗ್ಗೆ ಅವರೇ ಬಂದು ಹಿರಿಯರ ಮುಂದೆ ನಿಂತರು. "ರೋಗ. ವಿಷ ಅಲ್ಲ. ಈಯಮ್ಮ ಏನೂ ಮಾಡಿಲ್ಲ."



"ನನ್ ಮರಿ?" ಎಂದೆ.

"ಸುಟ್ಟಾಯ್ತು," ಎಂದು ಹೊರಟೇಬಿಟ್ಟರು.

ಎಷ್ಟೋ ವರ್ಷದ ಮೇಲೆ ಅವರು ತೀರಿಹೋದರೆಂದು ಕೇಳಿದಾಗ ನನಗೆ ಅಯ್ಯೋ ಎನ್ನಿಸಲಿಲ್ಲ. ಸಮಾಧಾನದ ಒಂದು ಮಾತನ್ನೂ ಆಡದ ಕಲ್ಲೆದೆಯವರು. ಆದರೆ ಕೈಹಿಡಿದವನ ಬಾಯಿಂದ ಬರದ ಮಾತು ಆ ಒರಟರ ಬಾಯಿಂದ ಬಂತು. ನಾನು ಈ ಮನೆಯಲ್ಲೇ ಮುದುಕಿಯಾದದ್ದು ಅದರಿಂದ.