ಗಾಡಿ ಓಡುವಾಗ ಮಾತಿಲ್ಲ

ಮದುವೆಯಾದ ಮೇಲೆ ನಾನೂ ನನ್ನ ಗಂಡನೂ ಮಾತಾಡಿದ್ದೆಲ್ಲ ಹೆಚ್ಚುಕಡಿಮೆ ಫೋನಿನಲ್ಲೇ. ಅವರು ಲಾರಿ ಡ್ರೈವರ್. ಕೆಂಗೇರಿಯ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯಿಂದ ಲೋಡ್ ತುಂಬಿಕೊಂಡು ಪುಣೆಗೆ ಹೋಗಿ ಬರುತ್ತಿದ್ದರು. ನಾನು ವಿಜಯನಗರದ ಹತ್ತಿರ ಮಾರೇನಹಳ್ಳಿಯ ಮನೆಯಲ್ಲಿ ಕೂತು ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತಿದ್ದೆ. ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟರೆ ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು.

“ಶಿರಾ ದಾಟ್ದೆ ಕಣೇ. ಇಲ್ಲೊಬ್ಬ ಬೈಕಲ್ಲಿ ಕುರಿ ಕೂರಿಸ್ಕೊಂಡು ಹೋಗ್ತಾವ್ನೆ, ಅದು ನನ್ನೇ ನೋಡ್ತಾ ಇದೆ,” ಅನ್ನುತ್ತಿದ್ದರು. ಮಾತು ಮುಗಿದರೂ ಕಟ್ ಮಾಡುತ್ತಿರಲಿಲ್ಲ. ಇಂಜಿನ್ ಸದ್ದು ಮನೆ ತುಂಬ ಇರುತ್ತಿತ್ತು. ಗೇರ್ ಬದಲಾದರೆ ಏರು ಬಂತೆಂದು ನನಗೆ ತಿಳಿಯುತ್ತಿತ್ತು. ನಮಗೆ ಮಕ್ಕಳಾಗಲಿಲ್ಲ. ಆ ವಿಷಯವನ್ನು ನಾವು ಮನಸ್ಸು ಬಿಚ್ಚಿ ಮಾತಾಡಿದ್ದೂ ಹಾಗೆಯೇ, ಅವರು ದಾವಣಗೆರೆ ಬೈಪಾಸಿನಲ್ಲಿದ್ದಾಗ.

ಆಮೇಲೆ ಅದೇ ಕಂಪನಿಯ ಇನ್ನೊಬ್ಬ ಡ್ರೈವರ್ ಫೋನಿನಲ್ಲಿ ಮಾತಾಡುತ್ತಾ ಗಾಡಿ ಓಡಿಸಿ, ರಸ್ತೆ ಬದಿ ನಿಂತಿದ್ದ ಲಾರಿಗೆ ಗುದ್ದಿದ. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಮಾಲೀಕರು ಒಂದು ಭಾನುವಾರ ಡ್ರೈವರುಗಳನ್ನೂ ಹೆಂಡತಿಯರನ್ನೂ ಲಾರಿ ನಿಲ್ಲಿಸುವ ಶೆಡ್ಡಿಗೆ ಕರೆಸಿದರು. ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು.

“ಗಾಡಿ ಓಡ್ತಿರೋವಾಗ ಫೋನ್ ಮುಟ್ಟಂಗಿಲ್ಲ. ಸ್ಪೀಕರೂ ಬೇಡ, ಬ್ಲೂಟೂತೂ ಬೇಡ. ಕ್ಯಾಬಿನ್ನಲ್ಲಿ ಕ್ಯಾಮೆರಾ ಹಾಕಿಸ್ತಾ ಇದೀನಿ. ಅಮ್ಮಾ, ನಿಮಗೂ ಹೇಳ್ತಾ ಇದೀನಿ, ಅವರಾಗೇ ಮಾಡೋವರ್ಗೂ ನೀವು ಮಾಡ್ಬೇಡಿ.”

ನನಗೆ ಸಿಟ್ಟು ಬಂತು. ಪಕ್ಕದಲ್ಲಿ ಕೂತಿದ್ದ ಹುಡುಗಿಯಂಥ ಹೆಂಗಸಿಗೆ, “ಇಡೀ ದಿನ ಮನೇಲಿ ಒಬ್ರೇ ಕೂತಿರೋದು ಅಂದ್ರೆ ಏನು ಅಂತ ಇವ್ರಿಗೇನ್ ಗೊತ್ತು?” ಅಂದೆ. ಅವಳು ಬಾಗಲಕೋಟೆ ಕಡೆಯವಳು. “ಆವತ್ತು ನಮ್ಮ ಮನ್ಯಾವ್ರ ಜೋಡಿ ಮಾತಾಡಾಕತ್ತಿದ್ದಾಕಿ ನಾನ ರೀ ಅಕ್ಕಾ,” ಅಂದಳು. “ಧಡ್ ಅಂತ ಕೇಳ್ತು. ಫೋನ್ ಕಟ್ ಆಗ್ಲಿಲ್ಲ. ಹಲೋ, ಹಲೋ ಅನ್ಕೋಂತ ಕುಂತಿದ್ದೆ.”

ನಾನು ಅವಳ ಕೈ ಹಿಡಿದುಕೊಂಡೆ. ಸಭೆ ಮುಗಿಯುವವರೆಗೂ ಬಿಡಲಿಲ್ಲ.

ಕ್ಯಾಮೆರಾ ಬರುವುದಕ್ಕೆ ಮೊದಲೇ, ಮುಂದಿನ ಟ್ರಿಪ್ಪಿನಲ್ಲಿ ನಮ್ಮವರು ಎಂದಿನಂತೆ ಫೋನ್ ಮಾಡಿದರು.

“ಗಾಡಿ ಸೈಡಿಗೆ ಹಾಕಿದೀರಾ?”

“ಇಲ್ಲ ಕಣೇ. ಎರಡೇ ನಿಮಿಷ.”

“ನಿಲ್ಸಿ ಮಾಡಿ,” ಅಂದು ನಾನೇ ಕಟ್ ಮಾಡಿದೆ. ಕಿವಿಯಲ್ಲಿ ಅವಳ ಹಲೋ ಹಲೋ ಇತ್ತು.

ಅಂದಿನಿಂದ ಢಾಬಾದಲ್ಲಿ ನಿಲ್ಲಿಸಿದಾಗ ಮಾತ್ರ ಫೋನ್. ಊಟ ಆಯ್ತಾ ಅಂದರೆ ಆಯ್ತು ಅನ್ನುವರು. ಮತ್ತೆ ಅಂದರೆ, “ಏನಿಲ್ಲ, ಸ್ವಲ್ಪ ಮಲಗ್ತೀನಿ.” ಮೊದಮೊದಲು ನನ್ನ ಮೇಲೆ ಕೋಪವಿರಬೇಕು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅವರಿಗೆ ನಿಂತ ಗಾಡಿಯಲ್ಲಿ ಮಾತೇ ಹುಟ್ಟುತ್ತಿರಲಿಲ್ಲ, ಅಷ್ಟೇ. ಮಹಡಿ ಮನೆಯ ಹುಡುಗಿ ಒಂದು ದಿನ, “ಅಂಕಲ್ ಊರಲ್ಲಿಲ್ವಾ ಆಂಟಿ? ಅವ್ರ ಧ್ವನೀನೇ ಕೇಳ್ತಿಲ್ಲ,” ಅಂದಳು. ಧ್ವನಿ ಕೇಳುತ್ತಿದ್ದಾಗಲೂ ಅವರು ಊರಲ್ಲಿರಲಿಲ್ಲ ಅಂತ ಅವಳಿಗೆ ಹೇಳಲಿಲ್ಲ.

ಮನೆಗೆ ಬಂದಾಗಲೂ ಹಾಗೆಯೇ. ತಟ್ಟೆ ಮುಂದೆ ಎದುರುಬದುರು ಕೂತರೆ ಇಬ್ಬರಿಗೂ ಸಂಕೋಚ. “ದಾರೀಲಿ ಏನೇನ್ ನೋಡಿದ್ರಿ?” ಅಂದರೆ, “ಏನಿರುತ್ತೆ, ಅದೇ ರೋಡು,” ಅನ್ನುತ್ತಿದ್ದರು. ಅವರು ಮಲಗಿದ ಮೇಲೆ ನಾನು ಕುಚ್ಚಿನ ದಾರ ತೆಗೆದುಕೊಂಡು ಕೂರುತ್ತಿದ್ದೆ. ಒಬ್ಬಳೇ ಇದ್ದಾಗಲೂ ಅನಿಸದಷ್ಟು ಒಂಟಿತನ ಇಬ್ಬರಿದ್ದ ಮನೆಯಲ್ಲಿ ಅನಿಸುತ್ತಿತ್ತು.

ಒಂದು ಬೆಳಿಗ್ಗೆ ಅವರು ಡ್ಯೂಟಿಗೆ ಹೊರಟಾಗ, “ಕೆಂಗೇರಿವರ್ಗೂ ನಾನೂ ಬರ್ತೀನಿ ರೀ, ವಾಪಸ್ ಮೆಟ್ರೋಲಿ ಬರ್ತೀನಿ,” ಅಂದೆ. ಯಾಕೆ ಅಂತ ಕೇಳಲಿಲ್ಲ. ಬೈಕ್ ನಾಯಂಡಹಳ್ಳಿ ದಾಟಿ ಮೈಸೂರು ರಸ್ತೆಗೆ ಬಿದ್ದು ಸ್ವಲ್ಪ ದೂರ ಹೋಗಿರಬೇಕು, ಅವರು ತಾವಾಗಿಯೇ ಮಾತು ಶುರು ಮಾಡಿದರು.

“ಮೊನ್ನೆ ಆಫೀಸಿನವ್ರು ಕ್ಯಾಬಿನ್ ಕ್ಯಾಮೆರಾ ವಿಡಿಯೋ ನೋಡಿ ಕರೆದಿದ್ರು ಕಣೇ. ಯಾರ್ ಜೊತೆ ಮಾತಾಡ್ತಾ ಇದ್ದೆ, ಬಾಯಿ ಅಲ್ಲಾಡ್ತಾ ಇದೆ ಅಂತ. ಫೋನ್ ನೋಡಿದ್ರೆ ಬ್ಯಾಗಲ್ಲಿ ಸ್ವಿಚಾಫ್.”

“ಮತ್ತೆ ಯಾರ್ ಜೊತೆ?”

“ಇನ್ಯಾರ್ ಜೊತೆ?” ಅಂದರು. ಕಣ್ಣು ರಸ್ತೆಯ ಮೇಲೇ ಇತ್ತು.

ನಾನು ಅವರ ಭುಜದ ಮೇಲೆ ಕೈಯಿಟ್ಟೆ. ಆಮೇಲೆ ಹೇಳುತ್ತಲೇ ಹೋದರು. ಗಾಳಿಗೆ, ಹೆಲ್ಮೆಟ್ಟಿಗೆ, ಬಸ್ಸಿನ ಹಾರನ್ನಿಗೆ ಅರ್ಧ ಕೇಳಿಸಲಿಲ್ಲ. ಎಲ್ಲದಕ್ಕೂ ಹೂಂಗುಟ್ಟಿದೆ. ಶೆಡ್ಡಿನ ಮುಂದೆ ಬೈಕ್ ನಿಲ್ಲಿಸಿದೊಡನೆ ಮಾತೂ ನಿಂತಿತು. “ಹುಷಾರಾಗಿ ಹೋಗು,” ಅಂದು ಒಳಗೆ ನಡೆದರು.

ಈಗ ಪ್ರತಿ ಟ್ರಿಪ್ಪಿಗೂ ಕೆಂಗೇರಿವರೆಗೆ ನಾನು ಹಿಂದೆ ಕೂತು ಹೋಗುತ್ತೇನೆ. ವಾಪಸ್ ಬರುವಾಗ ಮೆಟ್ರೋದಲ್ಲಿ ಸುತ್ತಲೂ ಎಲ್ಲರೂ ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಿರುತ್ತಾರೆ. ನಾನು ಕಿಟಕಿಯಾಚೆ ನೋಡುತ್ತಾ ಕೂತು, ವಿಜಯನಗರದಲ್ಲಿ ಇಳಿಯುತ್ತೇನೆ.