ಹಸಿರು ಪಟ್ಟಿಯ ಮೇಲೆ ಹನ್ನೊಂದು ಕಂಬ

ನಾನು ಬೇಲಿ ಕಂಬ ಮಾರಿ, ಹೊಡೆದೂ ಕೊಡುವವನು. ಮನುಷ್ಯರನ್ನೂ ಹಾಗೇ ನೋಡುತ್ತೇನೆ. ಎನಿಡ್ ಪ್ರೋಬರ್ಟ್ ನೋಟಕ್ಕೆ ಎರಡನೇ ದರ್ಜೆಯ ಮಾಲು: ಗಿಡ್ಡ, ಎಡಕ್ಕೆ ವಾಲಿದವಳು, ಎಪ್ಪತ್ತೊಂದು ಚಳಿಗಾಲ ತಿಂದವಳು. ಆದರೆ ತಿರುಳು ಓಕ್, ಹುಳು ಬಿದ್ದಿಲ್ಲ.

ವೇಲ್ಸ್ ಗಡಿಯಲ್ಲಿರುವ ಅವಳ ಕುರಿಹೊಲದ ನಡುವೆ ಒಂದು ಮಣ್ಣುಗುಡ್ಡೆ, ನಮ್ಮ ಬಾಯಲ್ಲಿ ಟಂಪ್. ಯಾವನೋ ನಾರ್ಮನ್ ದೊರೆ ಮಣ್ಣು ಪೇರಿಸಿ, ಮೇಲೊಂದು ಮರದ ಕೋಟೆ, ಕೆಳಗೆ ಕಂದಕ ಸುತ್ತಿದ ಅಂಗಳ ಮಾಡಿಕೊಂಡಿದ್ದ. ಕಂಬ ಹೊಡೆಯಲು ಅವನು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಈಗ ಅದು ಸಂರಕ್ಷಿತ ಸ್ಮಾರಕ. ಗೂಟ ಹೊಡೆದರೂ ಅಪರಾಧ. ಅದಕ್ಕೇ ಎನಿಡ್ ಬಟ್ಟೆ ಒಣಗಿಸುವ ಹಗ್ಗವನ್ನು ಆಶ್ ಮರಕ್ಕೂ ಹುಲ್ಲಿನ ಗಾಡಿಗೂ ಕಟ್ಟುತ್ತಾಳೆ.

ಆಗಸ್ಟಿನಲ್ಲಿ ಅವಳು ಕಣ್ಣಿನ ಪೊರೆ ತೆಗೆಸಲು ಹೆರೆಫರ್ಡಿನ ಆಸ್ಪತ್ರೆಗೆ ಹೋದಳು. ಹೊಲಕ್ಕೆ ಹೊಸ ಬೇಲಿ ಹಾಕುವ ಕೆಲಸ ನನಗೆ ಒಪ್ಪಿಸಿ, ತಾನು ಬಂದು ಜಾಗ ತೋರಿಸುವವರೆಗೆ ಕಾಯಲು ಹೇಳಿದ್ದಳು. ನಾನು ಕಾಯಲಿಲ್ಲ. ಕಂಬಗಳು ಬೆಣ್ಣೆಯಲ್ಲಿ ಇಳಿದಂತೆ ಇಳಿದಾಗಲಾದರೂ ಅನುಮಾನ ಬರಬೇಕಿತ್ತು.

ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದವಳು ಗೇಟಿನಲ್ಲೇ ನಿಂತುಬಿಟ್ಟಳು.

"ಗುಡ್ಡೆಯಿಂದ ದೂರಾನೇ ಹೊಡೆದಿದೀನಲ್ಲ ಎನಿಡ್."

"ಹುಲ್ಲು ನೋಡೋ ಗೂಬೆ! ಒಂಟಿಗಣ್ಣಿಗೇ ಕಾಣ್ತಿದೆ."

ಬಿಸಿಲಿಗೆ ಕಂದಿದ ಹೊಲದಲ್ಲಿ ಹಸಿರು ಪಟ್ಟಿಯೊಂದು ಬಿಲ್ಲಿನಂತೆ ಬಾಗಿತ್ತು. ಅದು ಮುಚ್ಚಿಹೋದ ಹೊರಕಂದಕ, ಸ್ಮಾರಕದ್ದೇ ಭಾಗ. ಅದರ ತೇವ ಕಾಣುವುದು ಕಡುಬೇಸಿಗೆಯಲ್ಲಿ ಮಾತ್ರ. ಹನ್ನೊಂದು ಕಂಬಗಳೂ ಅದರ ಮೇಲೇ ಇದ್ದವು.

"ಕಿತ್ತುಬಿಡ್ತೀನಿ."

"ಮುಟ್ಟಬೇಡ! ಕೀಳೋದೂ ಅಗೆದ ಹಾಗೇ."

ಎರಡು ವರ್ಷದ ಹಿಂದೆ ಇನ್ನೊಂದು ಟಂಪಿನಲ್ಲಿ ಕಂಬ ಹೊಡೆದದ್ದಕ್ಕೆ ಸ್ಮಾರಕ ಇಲಾಖೆಯವರು ನನಗೆ ಎಚ್ಚರಿಕೆ ಕೊಟ್ಟಿದ್ದರು, ಅದು ಎನಿಡ್‌ಗೂ ಗೊತ್ತಿತ್ತು. ಇನ್ನೊಮ್ಮೆ ಸಿಕ್ಕಿಬಿದ್ದರೆ ನೇರ ಕೋರ್ಟು. ಗುರುವಾರ ಅದೇ ಇಲಾಖೆಯವರ ತಪಾಸಣೆ ಇತ್ತು. ಅಲ್ಲಿಯವರೆಗಿನ ನಾಲ್ಕು ದಿನ, ದಾರಿಯಲ್ಲಿ ಯಾವ ಕಾರು ಸದ್ದು ಮಾಡಿದರೂ ನಾನು ಕಿಟಕಿಗೆ ಓಡಿ ನೋಡುತ್ತಿದ್ದೆ.

ಗುರುವಾರ ಬಂದ ಅಧಿಕಾರಿ ಹೆಂಗಸು ಮೆಲ್ಲಗೆ ಪಟ್ಟಿಯುದ್ದಕ್ಕೂ ನಡೆದಳು. ಪ್ರತಿ ಕಂಬದ ಬುಡದಲ್ಲೂ ಕೂತು ಫೋಟೋ ತೆಗೆದಳು.

"ಇಲ್ಲಿ ಹೊಡೆಯೋಕೆ ಯಾರು ಹೇಳಿದ್ದು?"

ನಾನು ಬಗ್ಗಿ ಬೂಟಿನ ಮಣ್ಣು ಕೆರೆಯತೊಡಗಿದೆ.

"ನಾನೇ ಕಣಮ್ಮ," ಎಂದಳು ಎನಿಡ್. "ಕಣ್ಣು ಮಂಜಾಗಿತ್ತು, ಜಾಗ ತಪ್ಪಿ ತೋರಿಸಿದೆ. ಈ ಪೆದ್ದ ಹೇಳಿದಲ್ಲಿ ಹೊಡೆಯೋನು ಅಷ್ಟೇ."

ಅಧಿಕಾರಿ ಅದನ್ನೇ ಬರೆದುಕೊಂಡಳು. ಕಾರು ತಿರುವು ದಾಟಿದ ಮೇಲೆ ಎನಿಡ್ ಮನೆಯ ಮೆಟ್ಟಿಲ ಮೇಲೆ ಕೂತಳು.

"ಈ ವಯಸ್ಸಲ್ಲಿ ನನ್ನನ್ನ ಜೈಲಿಗೆ ಹಾಕ್ತಾರೇನೋ?"

"ಇಲ್ಲ ಎನಿಡ್," ಎಂದೆ. ನನಗೆ ಗೊತ್ತಿರಲಿಲ್ಲ.

ಇಲಾಖೆಯ ತೀರ್ಮಾನ ಇನ್ನೂ ಬಂದಿಲ್ಲ. ಅಂಚೆಯವನ ವ್ಯಾನು ಕಂಡರೆ ಅವಳು ಈಗಲೂ ಒಳಗೆ ಹೋಗುತ್ತಾಳೆ. ಜಾಗ ಆರಿಸಿದವನು ನಾನು, ಅವಳಲ್ಲ. ಅದನ್ನು ಇಲಾಖೆಗೆ ಹೇಳುವುದು ನಾನು ಅವಳಿಗೆ ತೀರಿಸಬೇಕಾದ ಋಣ, ಇನ್ನೂ ತೀರಿಸಿಲ್ಲ.