ಬೇಡವೆಂದ ಬೆಲ್ಲ

ಕೊರೋನಾ ಕಾಲದ ಆನ್‌ಲೈನ್ ಪಾಠ ಮುಗಿದು ತರಗತಿಗಳು ಮತ್ತೆ ತುಂಬಿದ ವರ್ಷ. ನಾನಾಗ ಕುವೈತಿನ ಸಾಲ್ಮಿಯಾ ಸಮೀಪದ ಖಾಸಗಿ ಕಾಲೇಜೊಂದರಲ್ಲಿ ಟ್ರಾನ್ಸ್‌ಫರ್ ಅಡ್ವೈಸರ್ ಆಗಿದ್ದೆ. ನಮ್ಮದು ಅಮೆರಿಕದ ಕಮ್ಯುನಿಟಿ ಕಾಲೇಜಿನ ಮಾದರಿ. ಎರಡು ವರ್ಷ ಇಲ್ಲಿ ಓದಿ, ಪಾಸಾದ ಪ್ರತಿ ವಿಷಯಕ್ಕೂ ಸಿಗುವ ಕ್ರೆಡಿಟ್‌ಗಳ ಆಧಾರದ ಮೇಲೆ ಹೊರದೇಶದ ವಿಶ್ವವಿದ್ಯಾಲಯದಲ್ಲಿ ನೇರ ಮೂರನೇ ವರ್ಷಕ್ಕೆ ಸೇರಬಹುದು. ಯಾರ ಕ್ರೆಡಿಟ್ ಎಲ್ಲಿ ಸಲ್ಲುತ್ತದೆ ಎಂದು ನೋಡುವುದು ನನ್ನ ಕೆಲಸ. ಆದರೆ ದಿನದ ಬಹುಪಾಲು ವಿದ್ಯಾರ್ಥಿಗಳ ಅಪ್ಪಂದಿರನ್ನು ಸಮಾಧಾನಪಡಿಸುವುದರಲ್ಲೇ ಕಳೆಯುತ್ತಿತ್ತು.

ಕುವೈತಿನಲ್ಲೇ ಹುಟ್ಟಿ ಬೆಳೆದ ತುಳು ಮನೆಯ ಹುಡುಗಿ ಶ್ರಾವ್ಯಾ ಆರಿಸಿಕೊಂಡದ್ದು ಎತ್ನಿಕ್ ಸ್ಟಡೀಸ್. ಒಂದು ಸಮುದಾಯ ಎಲ್ಲಿಂದ ಬಂತು, ಹೊಸ ನೆಲದಲ್ಲಿ ಹೇಗೆ ಬದುಕಿತು, ಏನನ್ನು ಉಳಿಸಿಕೊಂಡಿತು ಎಂದು ಅಭ್ಯಾಸ ಮಾಡುವ ವಿಷಯ. ಆಕೆಯ ತಂದೆ ಸುಧಾಕರ ಶೆಟ್ಟರು ಫಹಾಹೀಲ್‌ನ ಹೋಟೆಲೊಂದರ ಮ್ಯಾನೇಜರು. ಒಂದು ಮಂಗಳವಾರ ಮಗಳನ್ನು ಕರೆದುಕೊಂಡು ನನ್ನ ಕೋಣೆಗೆ ನುಗ್ಗಿದರು.

"ಸರ್, ನಮ್ಮ ಜನ ಹೇಗೆ ಬದುಕಿದ್ರು ಅಂತ ಕಲೀಲಿಕ್ಕೆ ಕಾಲೇಜು ಯಾಕೆ? ನನ್ನನ್ನು ಕೇಳಿದ್ರೆ ಫ್ರೀಯಾಗಿ ಹೇಳ್ತೇನೆ. ಈಗ ಅದರಲ್ಲೂ ಫೇಲ್ ಆಗ್ತಾಳಂತೆ. ಇವಳನ್ನು ಬಿಸಿನೆಸ್‌ಗೆ ಹಾಕಿ, ಖಲಾಸ್!"

ಫೇಲಿನ ಮಾತು ಸುಳ್ಳಲ್ಲ. ಸಮುದಾಯದ ಹಿರಿಯರೊಬ್ಬರ ಬದುಕಿನ ಕಥೆಯನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡಿ ತರುವುದು ಆಕೆಯ ಪ್ರಾಜೆಕ್ಟ್. ಶ್ರಾವ್ಯಾ ತಂದೆಗೆ ಪರಿಚಯವಿದ್ದ, ಫಹಾಹೀಲ್‌ನಲ್ಲೇ ಇರುವ ಗಿರಿಜಕ್ಕನ ಮನೆಗೆ ಮೊದಲ ಸಲ ಹೋಗಿದ್ದಳು. ಬಹಳ ಹಿಂದೆಯೇ ಕುವೈತಿಗೆ ಬಂದ ಆ ಹಿರಿಯ ಹೆಂಗಸು ಎಷ್ಟು ಕೇಳಿದರೂ "ಎಲ್ಲ ಒಳ್ಳೇದಿತ್ತು" ಎಂದಷ್ಟೇ ಹೇಳಿ ಕಳಿಸಿದ್ದರು. ಬರುವ ಭಾನುವಾರದೊಳಗೆ ಹೊಸ ರೆಕಾರ್ಡಿಂಗ್ ಕೊಡದಿದ್ದರೆ ಕ್ರೆಡಿಟ್ ಇಲ್ಲ, ಕ್ರೆಡಿಟ್ ಇಲ್ಲದಿದ್ದರೆ ವಿಶ್ವವಿದ್ಯಾಲಯವೂ ಇಲ್ಲ. ಹುಡುಗಿಯ ಕಣ್ಣು ತುಂಬಿತ್ತು. ಗಿರಿಜಕ್ಕ ಬಾಗಿಲು ತೆರೆದಾಗಿನಿಂದ ಏನೇನಾಯಿತೆಂದು ಹೇಳು ಎಂದೆ.

"ಆಂಟಿ ನೀರು ತಂದ್ರು, ಜೊತೆಗೆ ಒಂದು ಪೀಸ್ ಬೆಲ್ಲ. ನೋ ಥ್ಯಾಂಕ್ಸ್, ನಾನು ಸ್ವೀಟ್ ತಿನ್ನಲ್ಲ ಅಂದೆ. ನನ್ನ ಬಾಟಲಲ್ಲೇ ನೀರಿತ್ತು. ಆಮೇಲೆ ರೆಕಾರ್ಡರ್ ಆನ್ ಮಾಡಿದೆ."

ಶೆಟ್ಟರು ಕುರ್ಚಿಯಿಂದ ಎದ್ದೇಬಿಟ್ಟರು. "ಬೆಲ್ಲ ಬೇಡ ಅಂದ್ಯಾ? ನೀರೂ ಮುಟ್ಲಿಲ್ವಾ? ಎಂತ ಮಾರಾಯ್ತಿ!"

ನಾನು ಮೈಸೂರಿನವನು. ಅಷ್ಟು ಗಾಬರಿಯಾಗುವಂಥದ್ದೇನಾಯಿತೆಂದು ತಿಳಿಯಲಿಲ್ಲ. ಶೆಟ್ಟರು ವಿವರಿಸಿದರು: "ನಮ್ಮಲ್ಲಿ ಬಂದವರಿಗೆ ಮೊದಲು ಬೆಲ್ಲ-ನೀರು, ಮತ್ತೆ ಮಾತು. ಅದನ್ನು ಮುಟ್ಟದೆ ಕೂತ್ಕೊಳ್ಳುವುದು ಜಗಳ ಇದ್ದವರು ಮಾತ್ರ ಸರ್."

"ಶೆಟ್ರೇ, ಈಗ ನೀವು ಹೇಳಿದ್ರಲ್ಲ, ಇದೇ ಎತ್ನಿಕ್ ಸ್ಟಡೀಸ್," ಎಂದೆ.

ಶೆಟ್ಟರು ಮತ್ತೆ ಕುರ್ಚಿಯಲ್ಲಿ ಕೂತರು. "ಶುಕ್ರವಾರ ನಾನೇ ಕರ್ಕೊಂಡು ಹೋಗ್ತೇನೆ. ನೀವೂ ಬನ್ನಿ."

ಶುಕ್ರವಾರ ಗಿರಿಜಕ್ಕ ಸ್ಟೀಲ್ ತಟ್ಟೆ ತಂದಿಟ್ಟರು. ಶ್ರಾವ್ಯಾ ಎಲ್ಲರಿಗಿಂತ ಮೊದಲು ಬೆಲ್ಲ ಬಾಯಿಗೆ ಹಾಕಿಕೊಂಡಳು. ಸಕ್ಕರೆ ಕಾಯಿಲೆಯ ನಾನು, ಹೆಂಡತಿ ಜೊತೆಗಿಲ್ಲದ ಧೈರ್ಯದಲ್ಲಿ, ಎರಡು ತುಂಡು ತಿಂದೆ. ಗಿರಿಜಕ್ಕನ ಮುಖ ಅರಳಿತು.

"ಮೊನ್ನೆ ಬೇಡ ಅಂದಾಗ ನಿಂಗೆ ಸಿಟ್ಟುಂಟು ಅಂತ ಗ್ರಹಿಸಿದೆ ಮಗಾ," ಎಂದವರು ತಾವಾಗಿಯೇ ಶುರುಮಾಡಿದರು. ಇರಾಕ್ ಸೇನೆ ನುಗ್ಗಿದ ವರ್ಷ, ಊರಿಗೆ ಮರಳುವ ವಿಮಾನ ಹತ್ತಲು ಗಡಿಯಾಚೆಯ ಅಮ್ಮಾನ್ ಕಡೆಗೆ ಹೊರಟ ಬಸ್ಸು. ಪಕ್ಕದ ಸೀಟಿನಲ್ಲಿ, ಬಟ್ಟೆ ಒಣಗಿಸುವ ಹಗ್ಗದ ಜಗಳದಿಂದ ಮಾತು ಬಿಟ್ಟಿದ್ದ ನೆರೆಮನೆಯಾಕೆ. ಸುಡುವ ಬಿಸಿಲು. "ನನ್ನ ಚೀಲದಲ್ಲಿ ಬೆಲ್ಲ ಇತ್ತು. ಕೊಟ್ಟೆ. ಅವಳು ತಿಂದ್ಳು. ಅಲ್ಲಿಗೆ ಜಗಳ ಮುಗೀತು. ಮತ್ತೆ ಅವಳ ಮಗನಿಗೇ ನನ್ನ ಮಗಳನ್ನು ಕೊಟ್ಟದ್ದು!"

ನಕ್ಕು ನಕ್ಕು ಸಾಕಾಯಿತು. ರೆಕಾರ್ಡರ್ ಮಧ್ಯಾಹ್ನದವರೆಗೂ ಓಡಿತು.

ವಾಪಸಾಗುವಾಗ ಕಾರು ಓಡಿಸುತ್ತಿದ್ದ ಶೆಟ್ಟರು ಹೇಳಿದರು: "ಮದುವೆಯಾದಾಗಿನಿಂದ ಆ ಮನೆಯ ಬೆಲ್ಲ ತಿಂತಿದ್ದೇನೆ ಸರ್. ಈ ಕಥೆ ಕೇಳಿರ್ಲಿಲ್ಲ. ನಾನು ಯಾವತ್ತೂ ಕೇಳ್ಲೇ ಇಲ್ಲ." ಕನ್ನಡಿಯಲ್ಲಿ ಮಗಳನ್ನು ನೋಡಿದರು. "ಬಿಸಿನೆಸ್ ಬೇಡ. ಇವಳು ಇದನ್ನೇ ಓದ್ಲಿ."

ಶ್ರಾವ್ಯಾಳ ಕ್ರೆಡಿಟ್‌ಗಳೆಲ್ಲ ಕೆನಡಾದ ವಿಶ್ವವಿದ್ಯಾಲಯದಲ್ಲಿ ಸಂದವು. ನನಗೆ ಆ ದಿನ ಆದ ಸಂತೋಷವನ್ನು ಮುಚ್ಚಿಡಲಾರೆ. ಯಾರಿಂದಲಾದರೂ ಮಾತು ಬೇಕಿದ್ದರೆ ಮೊದಲು ಅವರು ಕೊಟ್ಟದ್ದನ್ನು ತೆಗೆದುಕೊಳ್ಳಬೇಕು ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ನಿವೃತ್ತನಾಗುವವರೆಗೂ ನನ್ನ ಮೇಜಿನ ಮೇಲೆ ಒಂದು ಡಬ್ಬಿ ಇರುತ್ತಿತ್ತು. ಸಿಟ್ಟಾಗಿ ಬಂದ ಅಪ್ಪಂದಿರು ಕೂತ ಕೂಡಲೇ ಅದನ್ನು ಮುಂದಕ್ಕೆ ತಳ್ಳಿ, "ಮೊದಲು ಬೆಲ್ಲ ತಗೊಳ್ಳಿ," ಎನ್ನುತ್ತಿದ್ದೆ.